ಹೊರಗಿನ ಬ್ಯಾಚು

ಕುಕ್ಕರ್ ಕೂಗಿತು. ಚಂದ್ರು ಬಗ್ಗಿದ.

ಏನೋ ಬಿದ್ದಿರಬೇಕು, ಎತ್ತಿಕೊಳ್ಳುತ್ತಿದ್ದಾನೆ ಅಂತ ತಿಪ್ಪಮ್ಮ ಅಂದುಕೊಂಡಳು. ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಹತ್ತೊಂಬತ್ತು ವರ್ಷದ ಮಗ ಕಾಲು ಅಗಲಿಸಿ, ಸೊಂಟ ಬಗ್ಗಿಸಿ ನಿಂತಿದ್ದ. ಎರಡೂ ಕೈಯನ್ನು ಕಿವಿಯ ಪಕ್ಕದಿಂದ ಹಿಂದಕ್ಕೆ ಎತ್ತಿದ್ದ. ಬೆರಳು ಕೊಕ್ಕೆಯ ಹಾಗೆ ಮಡಚಿದ್ದವು. ಕಣ್ಣು ನೆಲದ ಮೇಲಿತ್ತು.

“ಏನ್ಲಾ ಮಗ ಇದು?”

“ಮಡಗವ್ವ,” ಅಂದ ಚಂದ್ರು.

“ಏನ ಮಡಗ್ಲೋ?”

“ಚೀಲ.”

ತಿಪ್ಪಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹೀಗೆ ಬಗ್ಗುವುದನ್ನು ಅವಳು ಜೀವಮಾನವೆಲ್ಲ ನೋಡಿದ್ದಳು. ಗಂಡ ಲಕ್ಷ್ಮಣಪ್ಪ ಅಜ್ಜಂಪುರದ ಮಂಡಿಯಲ್ಲಿ ಹಮಾಲಿ. ಮದುವೆಯಾದ ಹೊಸದರಲ್ಲಿ ಬುತ್ತಿ ತಗೊಂಡು ಹೋದರೆ ಅವನು ಲಾರಿಯ ಹಿಂದೆ ಹೀಗೇ ನಿಂತಿರುತ್ತಿದ್ದ. ಮೇಲಿದ್ದವನು “ಬೆನ್ನು ಕೊಡೋ” ಅಂದ ಕೂಡಲೇ ಬೆನ್ನು ಕೊಡಬೇಕು. ದೊಪ್ಪನೆ ಚೀಲ ಬೀಳುವುದು. ಚೀಲದ ಮೂಲೆಯ ಕಿವಿ ಬೆರಳಿಗೆ ಸಿಕ್ಕಿತೋ ಬಚಾವು, ತಪ್ಪಿತೋ ಸೊಂಟ ಹೋಯಿತು. ಹೊತ್ತೂ ಹೊತ್ತೂ ಆ ಮನುಷ್ಯನ ಬೆನ್ನು ಕೊನೆಗೆ ನೆಟ್ಟಗಾಗಲೇ ಇಲ್ಲ. ಸತ್ತ ಮೇಲೆ ಮಲಗಿಸಿದರೂ ಬೆನ್ನು ಚಾಪೆಗೆ ತಾಗಲಿಲ್ಲ. ನಾಲ್ಕು ಜನ ಸೇರಿ ಒತ್ತಿ ಮಲಗಿಸಬೇಕಾಯಿತು. “ಹಮಾಲಿ ನನ್ ತಲೆಗೇ ಮುಗೀಲಿ ಕಣೇ,” ಅಂತ ಸಾಯುವ ಮುಂಚೆ ಹೇಳಿದ್ದ. ಮುಗಿಯಿತು ಅಂತಲೇ ತಿಪ್ಪಮ್ಮ ನಂಬಿಕೊಂಡಿದ್ದಳು.

“ಏಳೋ ಮ್ಯಾಕೆ,” ಅಂದಳು. ಅವನು ಏಳಲಿಲ್ಲ. ತೋಳು ಹಿಡಿದು ಎತ್ತಿ ನಿಲ್ಲಿಸಿದಳು. ಕುಕ್ಕರ್ ಇನ್ನೊಂದು ಸಲ ಕೂಗಿತು. ಅವನು ಮತ್ತೆ ಬಗ್ಗಿದ.

ತಿಪ್ಪಮ್ಮ ಒಲೆ ಆರಿಸಿದಳು. ಬೇಳೆ ಬೇಯದೇ ಉಳಿಯಿತು.

ಹುಡುಗನ ಹೆಸರು ಚಂದ್ರಕುಮಾರ. ಹುಟ್ಟುವಾಗಲೇ ಡೌನ್ ಸಿಂಡ್ರೋಮ್. ಜನ ಅವನಿಗೆ ಇಟ್ಟ ಬೇರೆ ಹೆಸರುಗಳಿವೆ, ಅವನ್ನು ಇಲ್ಲಿ ಬರೆಯುವುದು ಬೇಡ, ಆಡಿದವರ ಬಾಯಿಗೇ ಇರಲಿ. ಹಾಡು ಹಾಕಿದರೆ ಕುಣಿಯುತ್ತಿದ್ದ. ಯಾರು ಕರೆದರೂ ಓಡಿ ಹೋಗಿ ಕೈ ಕುಲುಕುತ್ತಿದ್ದ. ವಯಸ್ಸಿಗೆ ಬಂದ ಮೇಲೆ ಮೈ ಬಂತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರಮ್ಮ ಕತ್ತಿನ ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿ ಹೇಳಿದ್ದಳು.

“ಇವನಿಗೆ ವ್ಯಾಯಾಮನೇ ಔಷಧಿ ಅಮ್ಮಾ. ದಿನಾ ನಡೆಸಿ, ಕುಣಿಸಿ, ಚೆಂಡಾಡಿಸಿ. ಆದ್ರೆ ನೋಡಿ, ಕತ್ತಿನ ಮೂಳೆ ಇಲ್ಲಿ ಸಡಿಲ ಇದೆ. ತಲೆ ಮೇಲಾಗಲಿ ಕತ್ತಿನ ಮೇಲಾಗಲಿ ಭಾರ ಬೀಳಬಾರದು. ಬಿದ್ರೆ ಒಳಗಿನ ನರ ಅಮುಕಿಬಿಡುತ್ತೆ. ಕೈಲಿ ಹಿಡಿದದ್ದು ಜಾರೋದು, ಕಾಲೆಳೆಯೋದು, ಗೊತ್ತಿಲ್ಲದೆ ಉಚ್ಚೆ ಹೋಗೋದು, ಇದರಲ್ಲಿ ಒಂದು ಕಂಡರೂ ತಡ ಮಾಡಬೇಡಿ. ಕತ್ತು ಅಲ್ಲಾಡಿಸದೆ ಮಲಗಿಸಿ ಕರ್ಕೊಂಡು ಬನ್ನಿ.”

ಯುಗಾದಿ ಕಳೆದ ಮೇಲೆ ತರೀಕೆರೆ ರಸ್ತೆಯಲ್ಲಿ ಒಂದು ಕೇಂದ್ರ ತೆರೆಯಿತು. ವಿಶೇಷ ಮಕ್ಕಳ ದೇಹದಾರ್ಢ್ಯ ತರಬೇತಿ ಕೇಂದ್ರ. ಅಧ್ಯಕ್ಷ ಸಿದ್ದಲಿಂಗೇಶ್, ಈರುಳ್ಳಿ ಸಾಹುಕಾರ. ಎಲ್ಲ ಪುಕ್ಕಟೆ. ಮನೆ ಬಾಗಿಲಿಗೆ ವ್ಯಾನು, ಮಧ್ಯಾಹ್ನ ಊಟ, ನೀಲಿ ಟೀ ಶರ್ಟು. ತಿಪ್ಪಮ್ಮನಿಗೆ ದೇವರೇ ಬಾಗಿಲು ತೆಗೆದಂತಾಯಿತು. ಅವಳು ಪಟ್ಟಣದ ಬೀದಿ ಗುಡಿಸುವವಳು. ನಸುಕಿಗೆ ಪೊರಕೆ ಹಿಡಿದರೆ ಮಗನನ್ನು ನೋಡಿಕೊಳ್ಳುವವರಿರಲಿಲ್ಲ. ಮೊದಲ ದಿನವೇ ಹೋಗಿ ತರಬೇತುದಾರ ಅಜ್ಜಯ್ಯನಿಗೆ ಕತ್ತಿನ ವಿಷಯ ಬಿಡಿಸಿ ಹೇಳಿದಳು. ಅಜ್ಜಯ್ಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು, ಕೊರಳಲ್ಲಿ ಸೀಟಿ ಇಲ್ಲದೆ ಅವನನ್ನು ಯಾರೂ ನೋಡಿದವರಿಲ್ಲ. “ಹೂಂ ಹೂಂ, ಗೊತ್ತು ಹೋಗಮ್ಮ,” ಅಂದಿದ್ದ.

ಮೊದಲ ತಿಂಗಳುಗಳಲ್ಲಿ ಎಲ್ಲ ಚೆನ್ನಾಗಿತ್ತು. ಚಂದ್ರು ಮನೆಗೆ ಬಂದು ಕೈ ಮೇಲೆತ್ತಿ ಕೆಳಗಿಳಿಸಿ ತೋರಿಸುತ್ತಿದ್ದ. ಮೈ ಇಳಿಯಿತು. ಅವ್ವನಿಗೆ ಹಿಗ್ಗು. ದಸರಾ ಹೊತ್ತಿಗೆ ಅವನ ಕೂದಲಲ್ಲಿ ಈರುಳ್ಳಿ ಸಿಪ್ಪೆ ಕಾಣಿಸಿಕೊಂಡಿತು. ಕಿವಿಯ ಸಂದಿಯಲ್ಲಿ ಒಂದು, ಕಾಲರಿನೊಳಗೆ ಒಂದು. ಟೀ ಶರ್ಟು ಒಗೆದರೂ ಘಾಟು ಹೋಗಲಿಲ್ಲ. ಅಡುಗೆಮನೆಯ ಹತ್ತಿರ ಆಡಿರಬೇಕು ಅಂತ ತಿಪ್ಪಮ್ಮ ಸುಮ್ಮನಾದಳು. ಆಮೇಲೆ ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪವಾಯಿತು. ಬಿಸಿಲು ಅಂದುಕೊಂಡಳು. ಬಡವರು ಒಳ್ಳೆಯದನ್ನು ನಂಬುವುದಕ್ಕೆ ಎಷ್ಟು ಆಸೆಪಡುತ್ತಾರೆ ಅಂದರೆ, ಕಣ್ಣೆದುರಿಗೆ ಇರುವುದೂ ಕಾಣುವುದಿಲ್ಲ.

ಹಿಂದಿನ ವಾರ ಲೋಟ ಕೈಯಿಂದ ಜಾರಿ ಬಿದ್ದಿತ್ತು. ಎರಡು ಸಲ. ಚಪ್ಪಲಿ ಎಳೆಯುತ್ತ ನಡೆಯುತ್ತಿದ್ದ. ಮೊನ್ನೆ ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. “ಇಷ್ಟು ದೊಡ್ಡ ಕತ್ತೆ ಆಗಿದ್ದೀಯ, ನಾಚಿಕೆ ಆಗಲ್ವಾ?” ಅಂತ ಬೈದಿದ್ದಳು. ಅವನು ಒದ್ದೆ ದುಪ್ಪಟಿಯ ಮುಂದೆ ಕೂತು ಅತ್ತಿದ್ದ.

ಈಗ ಆರಿದ ಒಲೆಯ ಮುಂದೆ ನಿಂತಾಗ ಡಾಕ್ಟರಮ್ಮನ ಮಾತು ಒಂದೊಂದೇ ನೆನಪಾಯಿತು. ಲೋಟ. ಚಪ್ಪಲಿ. ಹಾಸಿಗೆ.

ಮಾರನೆಯ ದಿನ ಅವಳು ನಸುಕಿಗೆ ಗುಡಿಸಲು ಹೋಗಿದ್ದಾಗ ವ್ಯಾನು ಬಂದು ಚಂದ್ರುವನ್ನು ಕರೆದುಕೊಂಡು ಹೋಗಿತ್ತು. ಗೊತ್ತಾದ ಕೂಡಲೇ ಪೊರಕೆಯನ್ನು ಬೀದಿಯಲ್ಲೇ ಗೋಡೆಗೆ ಒರಗಿಸಿ ಹೊರಟಳು. ಜೊತೆಗೆ ಸೈದಾನಿ ಬಿ. ಸೈದಾನಿಯ ಮಗ ಮುಬಶೀರ್ ಕೂಡ ಅದೇ ಕೇಂದ್ರಕ್ಕೆ ಹೋಗುತ್ತಿದ್ದ. ಮಾತು ಕಡಿಮೆ, ಬುದ್ಧಿ ನಿಧಾನ, ಆದರೆ ಆಳು ಗಟ್ಟಿಮುಟ್ಟು. “ನನ್ ಹುಡುಗನೂ ವಿಷಲ್ ಕೇಳಿದ್ರೆ ಹಂಗೇ ಮಾಡ್ತಾನೆ ತಿಪ್ಪಕ್ಕ,” ಅಂದಳು ಸೈದಾನಿ. “ಕಸದ ಗಾಡಿಯವನು ಊದಿದ್ರೂ ಬಗ್ತಾನೆ. ನಮಾಜು ಕಲಿತಾವ್ನೆ ಅಂತ ನಾನು ಖುಷಿಪಟ್ಟಿದ್ದೆ. ಯಾ ಅಲ್ಲಾ.”

ಕೇಂದ್ರದ ಮುಂಭಾಗದಲ್ಲಿ ಗಾಜಿನ ಕೋಣೆ. ಓಡುವ ಮಿಷನ್ನು, ದೊಡ್ಡ ದೊಡ್ಡ ಬಣ್ಣದ ಚೆಂಡು, ಮೆತ್ತನೆಯ ಚಾಪೆ. ಫ್ಯಾನಿನ ಕೆಳಗೆ ನಾಲ್ಕೈದು ಮಕ್ಕಳು ಚೆಂಡಿನ ಮೇಲೆ ಕೂತು ಪುಟಿಯುತ್ತಿದ್ದರು. ಅವರಲ್ಲೊಬ್ಬ ಸಿದ್ದಲಿಂಗೇಶನ ತಮ್ಮನ ಮಗ, ಚಂದ್ರುವಿನದೇ ಮುಖ, ಚಂದ್ರುವಿನದೇ ಕಾಯಿಲೆ. ಒಬ್ಬಳು ಟೀಚರು ಅವನ ಕತ್ತಿಗೆ ಕೈ ಆಸರೆ ಕೊಟ್ಟು ಮೆಲ್ಲಗೆ ಒರಗಿಸುತ್ತಿದ್ದಳು. ಇದು ಒಳಗಿನ ಬ್ಯಾಚು.

ತಮ್ಮ ಮಕ್ಕಳೆಲ್ಲಿ ಅಂತ ಕೇಳಿದರೆ ಕಾವಲಿನವನು “ಅವ್ರು ಹೊರಗಿನ ಬ್ಯಾಚು” ಅಂದು ಮುಖ ತಿರುಗಿಸಿದ. ಅಷ್ಟರಲ್ಲಿ ಹಿಂದುಗಡೆ ಸೀಟಿ ಕೇಳಿಸಿತು. ಇಬ್ಬರೂ ಆ ಕಡೆ ಓಡಿದರು.

ತಗಡಿನ ಶೆಡ್ಡು. ಹೊರಗೆ ಲಾರಿ. ಆ ವರ್ಷ ಹಮಾಲಿಗಳು ಕೂಲಿ ಏರಿಸಿ ಅಂತ ಹಟ ಹಿಡಿದು ಕೂತಿದ್ದರು. ಸಾಹುಕಾರನಿಗೆ ಕೂಲಿ ಕೇಳದ ಬೆನ್ನು ಬೇಕಾಗಿತ್ತು, ಸಿಕ್ಕಿತ್ತು. ನಮ್ಮ ಕೇರಿಯ ಮಕ್ಕಳು, ಮೊಹಲ್ಲಾದ ಮಕ್ಕಳು, ನೀಲಿ ಟೀ ಶರ್ಟು ತೊಟ್ಟು ಸಾಲಾಗಿ ನಿಂತಿದ್ದರು. ಸೀಟಿ ಕೂಗಿದರೆ ಮುಂದಿದ್ದವನು ಬಗ್ಗುವುದು. ಇಬ್ಬರು ಆಳುಗಳು ಚೀಲ ಎತ್ತಿ ಅವನ ಕತ್ತಿನ ಬುಡಕ್ಕೆ ಹೇರುವುದು. ಅವನು ತೂರಾಡಿಕೊಂಡು ಲಾರಿಯವರೆಗೆ ಹೋಗುವುದು. ಅಕ್ಷತಾ ಅನ್ನುವ ಸಣಕಲು ಹುಡುಗಿ ಅರ್ಧ ಚೀಲ ಹೊತ್ತು ಹೋಗುತ್ತಿದ್ದಳು. ಅವಳ ಮೂಗಿನಿಂದ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅವಳ ಹಿಂದೆ ಚಂದ್ರು. ಚೀಲದ ಕೆಳಗೆ ಅವನ ಮುಖವೇ ಕಾಣುತ್ತಿರಲಿಲ್ಲ. ಗದ್ದ ಎದೆಗೆ ಒತ್ತಿಹೋಗಿತ್ತು. ಎಡಗಾಲು ನೆಲ ಬಿಡುತ್ತಿರಲಿಲ್ಲ.

“ಭೇಷ್ ಪೈಲ್ವಾನ್!” ಅಂದ ಅಜ್ಜಯ್ಯ. ಚೀಲದ ಕೆಳಗಿನಿಂದ ಚಂದ್ರು ನಕ್ಕ ಸದ್ದು ಬಂತು.

ತಿಪ್ಪಮ್ಮ ಹೋಗಿ ಚೀಲವನ್ನು ಎರಡೂ ಕೈಯಿಂದ ಹಿಡಿದೆಳೆದು ನೆಲಕ್ಕೆ ಕೆಡವಿದಳು. ಚೀಲ ಒಡೆದು ಈರುಳ್ಳಿ ಚೆಲ್ಲಾಡಿತು.

“ಕತ್ತಿನ ಮ್ಯಾಲೆ ಭಾರ ಹಾಕ್ಬ್ಯಾಡಿ ಅಂತ ನಿಂಗೆ ಹೇಳಿರ್ಲಿಲ್ವೇನೋ ಮೇಷ್ಟ್ರೇ? ನಿನ್ ಕೈ ಸೇದೋಗ!”

“ಏಯ್, ಬಾಯಿ ಬಿಗಿ ಹಿಡಿ. ವೇಟ್ ಟ್ರೈನಿಂಗ್ ಕಣಮ್ಮ ಇದು. ನಿಮ್ಗೇನ್ ಗೊತ್ತಾಗ್ತದೆ?”

ಗಲಾಟೆಗೆ ಸಿದ್ದಲಿಂಗೇಶ್ ಬಂದ. ಬಿಳಿ ಅಂಗಿ, ನುಣ್ಣನೆಯ ಮಾತು. ಅವನು ಎಂದೂ ಗಂಟಲು ಏರಿಸುವವನಲ್ಲ. ಗಂಟಲು ಏರಿಸುವ ಅಗತ್ಯವೂ ಅವನಿಗೆ ಬಿದ್ದಿರಲಿಲ್ಲ.

“ಯಾಕೆ ತಿಪ್ಪಮ್ಮ, ಏನಾಯ್ತು? ಜಿಮ್ಮಿನಲ್ಲಿ ದುಡ್ಡು ಕೊಟ್ಟು ಕಬ್ಬಿಣ ಎತ್ತಿದ್ರೆ ವ್ಯಾಯಾಮ ಅಂತೀರ. ಇಲ್ಲಿ ಪುಕ್ಕಟೆ ಈರುಳ್ಳಿ ಎತ್ತಿದ್ರೆ ಅನ್ಯಾಯ ಅಂತೀರ. ಮೊದ್ಲು ಹೆಂಗಿದ್ದ ನಿನ್ ಮಗ? ಈಗ ನೋಡು, ಮೈ ಹೆಂಗೆ ಗಟ್ಟಿಯಾಗೈತೆ.”

“ಹಂಗಾರೆ ನಿಮ್ ತಮ್ಮನ ಮಗನ ಬೆನ್ ಮ್ಯಾಲೂ ಒಂದು ಹೇರಿ ಸಾವ್ಕಾರ್ರೇ. ಅವ್ನೂ ಇಂಥ ಹುಡುಗನೇ ಅಲ್ವಾ? ಅವ್ನಿಗೆ ಯಾಕೆ ಚೆಂಡು, ನನ್ ಮಗನಿಗೆ ಯಾಕೆ ಚೀಲ?”

ಸಿದ್ದಲಿಂಗೇಶ್ ನಕ್ಕ. “ಅವನ ಮೈ ಬೇರೆ, ನಿಮ್ ಮೈ ಬೇರೆ ಕಣಮ್ಮ. ನಿನ್ ಗಂಡ ಏನ್ ಮಾಡ್ತಿದ್ದ? ಅವರಪ್ಪ ಏನ್ ಮಾಡ್ತಿದ್ದ? ಭಾರ ಹೊರೋದು ನಿಮ್ಗೆ ರಕ್ತದಲ್ಲೇ ಬಂದೈತೆ. ನಿನ್ ಮಗನಿಗೆ ಯಾರೂ ಹೇಳಿಕೊಡ್ಲಿಲ್ಲ, ಬೆನ್ನು ತಾನೇ ಬಗ್ತು.”

ತಿಪ್ಪಮ್ಮ ಅವನ ಮುಖ ನೋಡಿ ನೆಲಕ್ಕೆ ಉಗಿದಳು. ಮಗನ ಕೈ ಹಿಡಿದುಕೊಂಡು ಹೊರಟಳು. ಸೈದಾನಿಯೂ ಮುಬಶೀರನನ್ನು ಎಳೆದುಕೊಂಡು ಹೊರಟಳು. ಅವರು ಗೇಟು ದಾಟುವ ಮುಂಚೆಯೇ ಹಿಂದೆ ಮತ್ತೆ ಸೀಟಿ ಕೂಗಿತು. ಇಬ್ಬರು ಹುಡುಗರೂ ನಡುದಾರಿಯಲ್ಲೇ ಬಗ್ಗಿ ನಿಂತರು. ಅಜ್ಜಯ್ಯ ನಗುವುದು ಕೇಳಿಸಿತು.

ಮನೆಯಲ್ಲಿ ಚಂದ್ರು ಒಂದೇ ಸಮನೆ ಅತ್ತ. ವ್ಯಾನು ಬೇಕು. ಟೀ ಶರ್ಟು ಬೇಕು. “ನಾನು ಪೈಲ್ವಾನು,” ಅಂತ ಎದೆ ತಟ್ಟಿಕೊಂಡು ಅತ್ತ. ಹುಟ್ಟಿದಾಗಿನಿಂದ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಆ ಒಂದು ಮಾತಿಗೆ ಅವನು ಸಾಯುವಷ್ಟು ಹೊರುತ್ತಿದ್ದ. ಅದು ಆ ಅಜ್ಜಯ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಶಿವಮೊಗ್ಗಕ್ಕೆ ಹೋಗಬೇಕು ಅಂತ ತಿಪ್ಪಮ್ಮ ಮೇಸ್ತ್ರಿಯ ಹತ್ತಿರ ರಜೆ ಕೇಳಿದಳು. ಪೊರಕೆ ಬಿಟ್ಟು ಹೋಗಿದ್ದು ಆಗಲೇ ಮೇಲಿನವರೆಗೆ ಮುಟ್ಟಿತ್ತು. “ಇನ್ನೊಂದು ದಿನ ತಪ್ಪಿಸಿದ್ರೆ ಬರಲೇಬೇಡ ಅಂದವ್ರೆ,” ಅಂದ ಮೇಸ್ತ್ರಿ. ಅಂದವರು ಯಾರು ಅಂತ ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಸಂಜೆ ಕೇರಿಯ ಬಾಯಿಗೆ ಕಾರು ಬಂದು ನಿಂತಿತು. ಸಿದ್ದಲಿಂಗೇಶ್ ಇಳಿಯಲಿಲ್ಲ. ಗಾಜು ಇಳಿಸಿದ.

“ಆಗಿದ್ದು ಆಗೋಯ್ತು ತಿಪ್ಪಮ್ಮ. ನಾಳಿದ್ದು ವಿಕಲಚೇತನರ ದಿನ. ನಮ್ ಕೇಂದ್ರದಾಗೆ ಕಾರ್ಯಕ್ರಮ. ಶಿವಮೊಗ್ಗದಿಂದ ದೊಡ್ಡ ಡಾಕ್ಟ್ರು ಬತ್ತಾರೆ, ಮೂಳೆ ಡಾಕ್ಟ್ರು. ನೀನು ಅಲ್ಲಿಗೆ ಅಲೆಯೋದ್ಯಾಕೆ? ಅಲ್ಲೇ ಕತ್ತು ತೋರ್ಸು. ಚೀಲ ಇಲ್ಲ, ಗೀಲ ಇಲ್ಲ. ಸ್ಟೇಜಿನ ಮೇಲೆ ನಿಂತು ಕೈಕಾಲು ಆಡ್ಸೋದು ಅಷ್ಟೇ. ನನ್ ಮಾತು ಇದು.”

“ಕತ್ತಿನ ಮ್ಯಾಲೆ ಒಂದು ಈರುಳ್ಳಿನೂ ಬೀಳ್ಕೂಡ್ದು.”

“ಬೀಳಲ್ಲ ಕಣವ್ವ. ನಾನೂ ಮಕ್ಕಳೊಂದಿಗನೇ.”

ಕಾರು ಹೋಯಿತು. “ಬ್ಯಾಡ ತಿಪ್ಪಕ್ಕ,” ಅಂದಳು ಸೈದಾನಿ. “ಅವ್ನ ಬಾಯಿಂದ ಬೆಲ್ಲ ಸುರೀತಾ ಐತೆ. ನಂಗೆ ಯಾಕೋ ಎದೆ ಹೊಡ್ಕೊಳ್ತಾ ಐತೆ.”

“ನಂಗೂ ಹೊಡ್ಕೊಳ್ತದೆ. ಡಾಕ್ಟ್ರು ಬತ್ತಾರಂತಲ್ಲೇ. ಒಂದೇ ದಿನ. ಕತ್ತು ತೋರ್ಸಿ ಕರ್ಕಂಡ್ ಬಂದ್ಬಿಡ್ತೀನಿ.”

ಹೀಗೆ ಕುರಿಯನ್ನು ತಾನೇ ಕೈಯಾರೆ ತೋಳದ ಹಟ್ಟಿಗೆ ಕಳಿಸಿದಳು ತಾಯಿ. ಅವಳನ್ನು ಬೈಯುವವರು ಬೈಯಲಿ. ಬೈಯುವ ಮುಂಚೆ ಅವಳ ಕಾಲಲ್ಲಿ ಒಂದು ದಿನ ನಿಂತು ನೋಡಲಿ.

ಕಾರ್ಯಕ್ರಮದ ದಿನ ವ್ಯಾನು ಎಂದಿಗಿಂತ ಮುಂಚೆ ಬಂತು. ರಿಹರ್ಸಲ್ಲು ಅಂದರು. ಚಂದ್ರು ಟೀ ಶರ್ಟು ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿಸಿಕೊಂಡು ನಗುತ್ತ ಹತ್ತಿದ. ಎಡಗಾಲು ಮೆಟ್ಟಿಲಿಗೆ ಏಳಲಿಲ್ಲ. ತಿಪ್ಪಮ್ಮ ಕೈಯಲ್ಲಿ ಎತ್ತಿ ಇಟ್ಟಳು.

ಅವಳು ಬೀದಿ ಮುಗಿಸಿ, ಸೈದಾನಿಯ ಜೊತೆ ಹೋಗುವ ಹೊತ್ತಿಗೆ ಶಾಮಿಯಾನ ತುಂಬಿತ್ತು. ಮುಂದೆ ಸೋಫಾ. ಓಡುವ ಮಿಷನ್ನು ಕೊಡಿಸಿದ ಬೆಂಗಳೂರಿನ ಕಂಪನಿಯವರು ಹಾರ ಹಾಕಿಸಿಕೊಂಡು ಕೂತಿದ್ದರು. ಅವ್ವಂದಿರಿಗೆ ಕೊನೆಯಲ್ಲಿ ಜಮಖಾನ. ವೇದಿಕೆಯ ಮುಂದೆ ಪ್ಲೈವುಡ್ಡಿನ ದೊಡ್ಡ ಹಲಗೆ, ಅದರ ಮೇಲೆ ಬಣ್ಣದಲ್ಲಿ ಬರೆದಿತ್ತು: ಸದೃಢ ದೇಹ, ಸದೃಢ ನಾಳೆ. ಹಿಂದಿನ ಶೆಡ್ಡು ಗುಡಿಸಿ ಸಾರಿಸಿದ ಹಾಗಿತ್ತು. ಮೊನ್ನೆ ಸೂರಿನವರೆಗೆ ಪೇರಿಸಿದ್ದ ಚೀಲಗಳಲ್ಲಿ ಒಂದೂ ಇರಲಿಲ್ಲ.

ವ್ಯಾನು ಎಂದಿಗಿಂತ ಮುಂಚೆ ಬಂದದ್ದು ಯಾಕೆ ಅಂತ ತಿಪ್ಪಮ್ಮನಿಗೆ ಆಗ ಹೊಳೆಯಿತು.

“ಡಾಕ್ಟ್ರು ಎಲ್ಲಿ ಕುಂತವ್ರೆ?” ಅಂತ ಒಬ್ಬ ಕಾರ್ಯಕರ್ತನನ್ನು ಕೇಳಿದಳು. ಅವನು ಯಾವ ಡಾಕ್ಟರು ಅಂದ.

ಅಷ್ಟರಲ್ಲಿ ಹೊರಗಿನ ಬ್ಯಾಚು ವೇದಿಕೆ ಹತ್ತಿತು. ಚಂದ್ರುವನ್ನು ಮುಬಶೀರ್ ಸೊಂಟ ಹಿಡಿದು ತಂದು ನಿಲ್ಲಿಸಿದ. ಚಂದ್ರುವಿನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎಣ್ಣೆ ಹಚ್ಚಿದ ಕೂದಲಿನಲ್ಲಿ ಈರುಳ್ಳಿ ಸಿಪ್ಪೆ ಅಂಟಿಕೊಂಡಿತ್ತು. ಪ್ಯಾಂಟು ಒದ್ದೆಯಾಗಿತ್ತು. ಮುಬಶೀರನಿಗೆ ಅಮ್ಮ ಕಾಣಿಸಿದಳು. ಅವನು ಅಲ್ಲಿಂದಲೇ ಕೂಗಿದ: “ಅಮ್ಮೀ! ಚಂದ್ರು ಬಿದ್ದ! ಲಾರಿ! ಚೀಲ! ಬಿದ್ದ!”

ಅಜ್ಜಯ್ಯ ಸೀಟಿ ಬಾಯಿಗಿಟ್ಟ. ಕೈ ಮೇಲೆತ್ತುವುದಕ್ಕೆ ಊದಿದ. ಮೊದಲ ತಿಂಗಳುಗಳಲ್ಲಿ ಹೇಳಿಕೊಟ್ಟ ಡ್ರಿಲ್ಲು ಮಕ್ಕಳಿಗೆ ನೆನಪಿರುತ್ತದೆ ಅಂತ ಅಂದುಕೊಂಡಿದ್ದ. ತಿಂಗಳುಗಟ್ಟಲೆ ಆ ಸೀಟಿಗೆ ಬೇರೆ ಅರ್ಥ ಕಲಿಸಿದ್ದವನೂ ತಾನೇ ಅನ್ನುವುದು ಅವನಿಗೆ ಮರೆತುಹೋಗಿತ್ತು.

ಎಲ್ಲ ಮಕ್ಕಳೂ ಒಟ್ಟಿಗೆ ಬಗ್ಗಿದರು. ಕಾಲು ಅಗಲಿಸಿ, ಸೊಂಟ ಮಡಚಿ, ಕೈ ಹಿಂದಕ್ಕೆ ಎತ್ತಿ, ಬೆರಳು ಕೊಕ್ಕೆ ಮಾಡಿ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಿರೂಪಕಿ ಮೈಕಿನಲ್ಲಿ ಅಂದಳು: “ಆಹಾ! ಎಷ್ಟು ಸುಂದರವಾದ ಭಂಗಿ! ರೆಕ್ಕೆ ಬಿಚ್ಚಿದ ಹಕ್ಕಿಗಳು! ಜೋರಾಗಿ ಒಂದು ಚಪ್ಪಾಳೆ!”

ಜನ ಚಪ್ಪಾಳೆ ತಟ್ಟಿದರು. ಸೋಫಾದವರೂ ತಟ್ಟಿದರು. ಫೋನು ಎತ್ತಿ ಹಿಡಿದು ಫೋಟೋ ತೆಗೆದರು.

ಅಜ್ಜಯ್ಯ ಇನ್ನೊಮ್ಮೆ ಊದಿದ. ಮಕ್ಕಳು ಇನ್ನಷ್ಟು ಬಗ್ಗಿದರು. ಮತ್ತೆ ಊದಿದ. ಯಾರೂ ಏಳಲಿಲ್ಲ. ಏಳುವುದಕ್ಕೆ ಸೀಟಿಯನ್ನು ಯಾರೂ ಕಲಿಸಿರಲಿಲ್ಲ. ಬೆನ್ನಿಗೆ ಚೀಲ ಬೀಳಬೇಕು, ಆಗ ಏಳಬೇಕು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಚಪ್ಪಾಳೆ ತೆಳುವಾಗಿ ನಿಂತುಹೋಯಿತು. ಮಕ್ಕಳು ಚೀಲಕ್ಕೆ ಕಾಯುತ್ತ ಬಗ್ಗಿಯೇ ನಿಂತಿದ್ದರು.

ತಿಪ್ಪಮ್ಮ ಜಮಖಾನದಿಂದ ಎದ್ದಳು. ಸೋಫಾಗಳ ನಡುವಿನಿಂದ ನಡೆದಳು. ಅಡ್ಡ ಬಂದ ಕಾರ್ಯಕರ್ತನ ಎದೆಗೆ ಕೈ ಹಾಕಿ ದೂಡಿದಳು. ವೇದಿಕೆ ಹತ್ತಿ ಅಜ್ಜಯ್ಯನ ಕೊರಳಿನ ದಾರ ಹಿಡಿದು ಎಳೆದಳು. ದಾರ ಕಿತ್ತು ಸೀಟಿ ಅವಳ ಕೈಗೆ ಬಂತು. ನಿರೂಪಕಿ ಹೆದರಿ ಮೈಕು ಬಿಟ್ಟು ಸರಿದಳು.

“ಹಕ್ಕಿ ಅಲ್ಲ ಕಣ್ರೀ ಇದು,” ಅಂದಳು ತಿಪ್ಪಮ್ಮ. ಮೈಕಿನಲ್ಲಿ ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು. “ಹಮಾಲಿ ಬೆನ್ನು. ನನ್ ಗಂಡ ಹಿಂಗೇ ಬಗ್ಗಿ ಬಗ್ಗಿ ಸತ್ತ. ಇವತ್ತು ನಸುಕಲ್ಲಿ ನಿಮ್ ಶೆಡ್ಡು ಚೊಕ್ಕಟ ಮಾಡೋಕೆ ಈ ಮಕ್ಕಳ ಕೈಲಿ ಲಾರಿ ತುಂಬ್ಸವ್ರೆ. ನೀವು ಕೊಡ್ಸಿದ ಮಿಷನ್ನು ಇವ್ರು ಗಾಜಿನಾಚೆಯಿಂದ ನೋಡವ್ರೆ. ವ್ಯಾಯಾಮವಂತೆ! ಬನ್ನಿ, ಯಾರಾದ್ರೂ ಒಬ್ರು ಬಂದು ಇಲ್ಲಿ ಬಗ್ಗಿ ನಿಂತ್ಕಳಿ. ಬೆನ್ನು ಕೊಡಿ. ನಾನು ಚೀಲ ಹೇರ್ತೀನಿ.”

ಮೈಕಿನ ದನಿ ಕಟ್ಟಾಯಿತು.

ಆಗ ಹಿಂದೆ ದೊಪ್ಪನೆ ಸದ್ದಾಯಿತು. ಚಂದ್ರು ಬಿದ್ದಿದ್ದ. ಬಗ್ಗಿದವನು ಹಾಗೇ ಮುಂದಕ್ಕೆ ಆಯ ತಪ್ಪಿ, ಪಕ್ಕಕ್ಕೆ ಉರುಳಿದ್ದ. ತಿಪ್ಪಮ್ಮ ಓಡಿಹೋಗಿ ಕೂತಳು. ಅವನು ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದ. ಅಳುತ್ತಿರಲಿಲ್ಲ. ಅವನಿಗೆ ಆಶ್ಚರ್ಯವಾಗಿತ್ತು.

“ಅವ್ವಾ,” ಅಂದ. “ನನ್ ಕಾಲು ಎಲ್ಲಿ?”

“ಇಲ್ಲೇ ಐತೆ ಮಗ. ಇಲ್ಲೇ.” ತಿಪ್ಪಮ್ಮ ಅವನ ಪಾದ ಹಿಚುಕಿದಳು. “ಗೊತ್ತಾಯ್ತದಾ?”

“ಏನವ್ವಾ?” ಅಂದ ಚಂದ್ರು.

ಯಾರೋ ಅವನನ್ನು ಕಂಕುಳಿಗೆ ಕೈ ಹಾಕಿ ಎತ್ತಲು ಬಂದರು. “ಮುಟ್ಬ್ಯಾಡಿ!” ಅಂತ ಚೀರಿದಳು. “ಕತ್ತು ಅಲ್ಲಾಡ್ಕೂಡ್ದು!” ಸೈದಾನಿ ಆಗಲೇ ಫೋನಿನಲ್ಲಿ ಆಂಬುಲೆನ್ಸಿನವರಿಗೆ ಕೂಗಿ ದಾರಿ ಹೇಳುತ್ತಿದ್ದಳು. ಆಮೇಲೆ ಅವಳೇ ವೇದಿಕೆಯ ಮುಂದಿನ ಪ್ಲೈವುಡ್ ಹಲಗೆಯನ್ನು ಕಿತ್ತಳು. ಮೊಳೆ ಕಿರ್ರೆಂದಿತು. ಅವ್ವಂದಿರು ನಾಲ್ಕು ಜನ ಓಡಿ ಬಂದರು. ಸೆರಗು ಸುತ್ತಿ ಕತ್ತಿನ ಎರಡೂ ಕಡೆ ಒತ್ತಿಟ್ಟು, ಒಂದೇ ಸಲಕ್ಕೆ, ಅವನನ್ನು ಹಲಗೆಯ ಮೇಲೆ ಸರಿಸಿದರು.

ಸಿದ್ದಲಿಂಗೇಶ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದ: “ಹಿಂದಿನ ಗೇಟಿಂದ ಕರ್ಕೊಂಡ್ ಹೋಗಿ. ನನ್ ಕಾರೇ ಕೊಡ್ತೀನಿ. ಇಷ್ಟು ಜನದ ಮಧ್ಯೆ ಬೇಡ ತಿಪ್ಪಮ್ಮ. ನಿನ್ ಕೆಲಸ ಕಾಯಂ ಮಾಡ್ಸೋದು ನನ್ ಜವಾಬ್ದಾರಿ.”

ತಿಪ್ಪಮ್ಮ ತಲೆ ಎತ್ತಿದಳು.

“ಹಿಂದ್ಲ ಗೇಟು ನಿನ್ ಈರುಳ್ಳಿಗೆ ಕಣಯ್ಯ. ನನ್ ಮಗ ಮುಂದ್ಲ ಗೇಟಿಂದ ಹೋಗ್ತಾನೆ. ನಿನ್ ಪೊರಕೆನೂ ನೀನೇ ಇಟ್ಕ. ಬೇಕಾದ್ರೆ ಬೀದಿನೂ ಗುಡ್ಸು.”

ಸಾಹುಕಾರನಿಗೆ ಏಕವಚನ ಕೇಳಿ ಅಭ್ಯಾಸವಿರಲಿಲ್ಲ. ಅವನು ಪಕ್ಕಕ್ಕೆ ಸರಿದ.

ಹೆಂಗಸರು ಹಲಗೆ ಎತ್ತಿದರು. ಹೆಗಲಿಗೆ ಏರಿಸಲಿಲ್ಲ, ಹೆಣ ಹೊತ್ತ ಹಾಗೆ ಆಗುತ್ತದೆ ಅಂತ ಕೈಯಲ್ಲೇ ಹಿಡಿದರು. ತಿಪ್ಪಮ್ಮ ತಲೆಯ ಕಡೆ. ಸೋಫಾದವರು ಕಾಲು ಮಡಚಿ ದಾರಿ ಕೊಟ್ಟರು. ಸೈದಾನಿ ವೇದಿಕೆಯ ಮೇಲೆ ಬಗ್ಗಿ ನಿಂತಿದ್ದ ಮಕ್ಕಳನ್ನು ಒಬ್ಬೊಬ್ಬರನ್ನೇ ಭುಜ ಹಿಡಿದು ಎಬ್ಬಿಸಿದಳು. ಎದ್ದವರೆಲ್ಲ ಹಲಗೆಯ ಹಿಂದೆ ಸಾಲಾಗಿ ನಡೆದರು.

ಮುಂದಿನ ಗೇಟು ದಾಟಿ, ಆಂಬುಲೆನ್ಸ್ ಬರುವ ಕಡೆಗೆ ರಸ್ತೆಯಲ್ಲಿ ನಡೆದರು. ಬಿಸಿಲು ಚುರುಗುಡುತ್ತಿತ್ತು. ಚಂದ್ರು ಆಕಾಶ ನೋಡುತ್ತಿದ್ದ. ಅವನ ಬೆನ್ನಿನ ಕೆಳಗೆ ಬಣ್ಣದ ಅಕ್ಷರಗಳಿದ್ದವು. “ಅವ್ವಾ, ನಾನು ಪೈಲ್ವಾನು ಅಲ್ವಾ?” ಅಂತ ಕೇಳಿದ. “ಹೂಂ ಕಣೋ,” ಅಂದಳು.

ರೈಲ್ವೆ ಗೇಟು ಹಾಕಿತ್ತು. ಆಚೆ ಕಡೆ ಆಂಬುಲೆನ್ಸ್ ಬಂದು ನಿಂತಿತ್ತು. ಚಾಲಕ ಕೆಳಗಿಳಿದು, ಅಲ್ಲೇ ನಿಲ್ಲಿ ಅಂತ ಕೈ ತೋರಿಸಿದ. ಹೆಂಗಸರು ಹಲಗೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಬೆರಳು ಸಡಿಲಿಸಿಕೊಂಡರು. ತಿಪ್ಪಮ್ಮ ಮಾತ್ರ ಮಂಡಿಯೂರಿ ಅವನ ಕತ್ತಿನ ಎರಡೂ ಬದಿ ಕೈಯಿಟ್ಟು ಕೂತಳು.

ರೈಲು ಉದ್ದಕ್ಕೆ ಸೀಟಿ ಹಾಕಿತು.

ಹಿಂದೆ ನಿಂತಿದ್ದ ಮಕ್ಕಳೆಲ್ಲ ರಸ್ತೆಯ ಮೇಲೇ ಬಗ್ಗಿದರು. ಕೈ ಹಿಂದಕ್ಕೆ ಎತ್ತಿದರು. ಬೆರಳು ಮಡಚಿದರು.

“ಏಳ್ರೋ!” ಅಂತ ತಿಪ್ಪಮ್ಮ ಕೂತಲ್ಲಿಂದಲೇ ಅರಚಿದಳು. “ನೆಟ್ಟಗೆ ನಿಂತ್ಕಳ್ರೋ! ಯಾವನ್ ಊದಿದ್ರೂ ಬಗ್ಬ್ಯಾಡ್ರೋ!”

ಮುಬಶೀರ್ ಮೊದಲು ತಲೆ ಎತ್ತಿದ. ಅಮ್ಮನ ಮುಖ ನೋಡಿದ, ಹಲಗೆ ನೋಡಿದ. ಕೈ ಕೆಳಗಿಳಿಸಿದ. ಬೆನ್ನು ನೆಟ್ಟಗೆ ಮಾಡಿದ. ಪಕ್ಕದಲ್ಲಿದ್ದ ಅಕ್ಷತಾಳ ಗದ್ದ ಹಿಡಿದು ಅವಳನ್ನೂ ಎತ್ತಿದ. ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತರು. ರೈಲು ಮತ್ತೆ ಸೀಟಿ ಹಾಕಿ ಧಡಧಡ ಹಾದುಹೋಗತೊಡಗಿತು. ಈ ಸಲ ಅವರಲ್ಲಿ ಯಾರೂ ಬಗ್ಗಲಿಲ್ಲ.

ತಿಪ್ಪಮ್ಮ ಮಗನ ಕಡೆ ನೋಡಿದಳು. ಚಂದ್ರು ಸೀಟಿ ಕೇಳಿಸಿಕೊಂಡಿದ್ದ. ಅವನ ಕಣ್ಣು ಸೀಟಿ ಬಂದ ಕಡೆಗೆ ಹೊರಳಿತ್ತು. ಕೈಗಳು ಹಲಗೆಯ ಮೇಲೆ ಇಟ್ಟಲ್ಲೇ ಇದ್ದವು. ಕುಕ್ಕರ್ ಕೂಗಿದ ದಿನದಿಂದ ಆ ಕೈ ಹಿಂದಕ್ಕೆ ಏಳದಿರಲಿ ಅಂತ ಬೇಡಿಕೊಂಡಿದ್ದವಳು, ಈಗ ಒಂದು ಸಲ ಏಳಲಿ, ಒಂದೇ ಒಂದು ಸಲ ಏಳಲಿ ಅಂತ ಆ ಬೆರಳುಗಳನ್ನೇ ನೋಡುತ್ತ ಕೂತಳು.

ರೈಲು ಪೂರ್ತಿ ಹೋಯಿತು. ಗೇಟು ಎದ್ದಿತು. ಕೈ ಏಳಲಿಲ್ಲ.